ಕ್ಲಾಟ್ ಮತ್ತೊಮ್ಮೆ ಬರೆಯಬೇಕೆ? ಒಂದು ವರ್ಷ ಬಿಡುವ ಮುನ್ನ ಹಾಕಬೇಕಾದ ಲೆಕ್ಕ

ಕ್ಲಾಟ್ ಫಲಿತಾಂಶ ಬಂದ ವಾರದಿಂದ ಹಿಡಿದು ಸೀಟು ಹಂಚಿಕೆಯ ಕೊನೆಯ ಸುತ್ತು ಮುಗಿಯುವವರೆಗೆ ವಿದ್ಯಾರ್ಥಿಗಳೂ ಅವರ ಹೆತ್ತವರೂ ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ಬಂದಿರುವ ರ‍್ಯಾಂಕಿಗೆ ಸಿಗುವ ಕಾಲೇಜಿಗೆ ಈ ವರ್ಷವೇ ಸೇರಿಬಿಡುವುದೇ, ಒಂದು ವರ್ಷ ಬಿಟ್ಟು ಪರೀಕ್ಷೆಯನ್ನು ಮತ್ತೆ ಬರೆಯುವುದೇ? ಎಲ್ಲರಿಗೂ ಹೊಂದುವ ಉತ್ತರ ಇದಕ್ಕಿಲ್ಲ. ಆದರೆ ಉತ್ತರವನ್ನು ಕಂಡುಕೊಳ್ಳಲು ಒಂದು ಕ್ರಮವಿದೆ. ಬೇಸರದಲ್ಲಿ ಅಥವಾ ನೆರೆಹೊರೆಯವರ ಮಾತು ಕೇಳಿ ನಿರ್ಧರಿಸುವ ಬದಲು, ನಿಮ್ಮದೇ ಉತ್ತರಪತ್ರಿಕೆಯನ್ನು ಮುಂದಿಟ್ಟುಕೊಂಡು ಈ ಹಂತಗಳನ್ನು ಒಂದೊಂದಾಗಿ ದಾಟಿ ನೋಡಿ.

ಈ ಪರೀಕ್ಷೆಯ ಪರಿಚಯ ಇಲ್ಲದ ಹೆತ್ತವರಿಗಾಗಿ ಮೊದಲು ಎರಡು ಮಾತು. ಕ್ಲಾಟ್ ಎಂದರೆ ಪಿಯುಸಿ ನಂತರದ ಐದು ವರ್ಷದ ಕಾನೂನು ಪದವಿಗೆ ದೇಶದ 20ಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು (ಎನ್‌ಎಲ್‌ಯು) ಒಟ್ಟಾಗಿ ನಡೆಸುವ ಪ್ರವೇಶ ಪರೀಕ್ಷೆ. 2008ರಲ್ಲಿ ಆರಂಭವಾದ ಇದನ್ನು ಈಗ ಆ ವಿಶ್ವವಿದ್ಯಾಲಯಗಳ ಒಕ್ಕೂಟ ನಡೆಸುತ್ತದೆ. 2024ರ ಪ್ರವೇಶದ ಪರೀಕ್ಷೆಯಿಂದ ಈಚೆಗೆ 120 ಪ್ರಶ್ನೆಗಳಿಗೆ 120 ನಿಮಿಷ ಸಿಗುತ್ತವೆ. ಸರಿಯುತ್ತರಕ್ಕೆ ಒಂದು ಅಂಕ ಬರುತ್ತದೆ, ತಪ್ಪುತ್ತರಕ್ಕೆ ಕಾಲು ಅಂಕ ಕಳೆಯುತ್ತದೆ. ಪಿಯುಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಇದ್ದರೆ ಸಾಕು. ಆ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್ ಲೆಕ್ಕಕ್ಕೆ ಸೇರುವುದಿಲ್ಲ. ವಯಸ್ಸಿನ ಗರಿಷ್ಠ ಮಿತಿಯೂ ಇಲ್ಲ, ಇಷ್ಟೇ ಸಲ ಬರೆಯಬೇಕೆಂಬ ನಿರ್ಬಂಧವೂ ಇಲ್ಲ. ಹಾಗಾಗಿ ಮತ್ತೆ ಬರೆಯಲು ನಿಯಮದ ಅಡ್ಡಿ ಯಾವುದೂ ಇಲ್ಲ. ಆದರೆ ಒಮ್ಮೆ ಪಡೆದ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ. ಮುಂದಿನ ವರ್ಷ ರ‍್ಯಾಂಕ್ ಇನ್ನೂ ಕೆಳಗಿಳಿದರೆ ಹಳೆಯದನ್ನು ತೋರಿಸಿ ಸೀಟು ಕೇಳಲು ಬರುವುದಿಲ್ಲ.

ಲೆಕ್ಕಕ್ಕೆ ಕೂರುವ ಮೊದಲು ನೀವು ಬರೆದ ಪ್ರಶ್ನೆಪತ್ರಿಕೆ, ಒಕ್ಕೂಟ ಪ್ರಕಟಿಸಿದ ಅಂತಿಮ ಉತ್ತರ ಕೀ, ನೀವು ಗುರುತಿಸಿದ ಉತ್ತರಗಳ ಪಟ್ಟಿ, ಹಿಂದಿನ ಎರಡು ವರ್ಷಗಳ ಸೀಟು ಹಂಚಿಕೆ ಪಟ್ಟಿಗಳು ಮತ್ತು ನಿಮ್ಮ ಪಿಯುಸಿ ಅಂಕಪಟ್ಟಿಯನ್ನು ಒಂದೆಡೆ ತೆಗೆದಿಟ್ಟುಕೊಳ್ಳಿ.

ಹಂತ 1: ವರ್ಷ ಎಂದರೆ ಎಷ್ಟು ತಿಂಗಳು ಎಂದು ನೋಡಿ

ಕ್ಲಾಟ್ ಈಗ ಡಿಸೆಂಬರ್‌ನಲ್ಲಿ ನಡೆಯುತ್ತದೆ. 2025ರ ಪ್ರವೇಶದ ಪರೀಕ್ಷೆ 2024ರ ಡಿಸೆಂಬರ್ 1ರಂದು, 2026ರದ್ದು 2025ರ ಡಿಸೆಂಬರ್ 7ರಂದು ನಡೆಯಿತು. ಅಂದರೆ ದ್ವಿತೀಯ ಪಿಯುಸಿ ಓದುತ್ತಿರುವವರಿಗೆ ಬೋರ್ಡ್ ಪರೀಕ್ಷೆಗೆ ಎರಡೂವರೆ-ಮೂರು ತಿಂಗಳು ಮೊದಲೇ ಫಲಿತಾಂಶ ಕೈಗೆ ಬರುತ್ತದೆ. ಪಿಯುಸಿ ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಮತ್ತೆ ಓದಲು ಕುಳಿತವರಿಗೆ ಮುಂದಿನ ಡಿಸೆಂಬರ್‌ಗೆ ಎಂಟು ತಿಂಗಳು ಸಿಗುತ್ತವೆ. ಪರೀಕ್ಷೆಯಾದ ಮೇಲೆ ಕಾಲೇಜು ತೆರೆಯುವವರೆಗೆ ಇನ್ನೂ ಆರೇಳು ತಿಂಗಳು ಖಾಲಿ ಉಳಿಯುತ್ತವೆ. ಬಿಟ್ಟ ವರ್ಷದಲ್ಲಿ ತಯಾರಿಗೆ ಒದಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಎಂಬುದನ್ನು ಅನೇಕರು ಗಮನಿಸುವುದಿಲ್ಲ.

ಇದರಿಂದ ಎರಡು ಮಾತು ಹೊರಡುತ್ತವೆ. ಒಂದು, ಡಿಸೆಂಬರ್‌ನಲ್ಲೇ ನಿರ್ಧಾರ ಮಾಡುವ ಅಗತ್ಯವಿಲ್ಲ. ಫಲಿತಾಂಶದ ನೋವು ಹಸಿಯಾಗಿರುವಾಗ, ಬೋರ್ಡ್ ಪರೀಕ್ಷೆ ಎದುರಿಗಿರುವಾಗ ಮಾಡಿದ ತೀರ್ಮಾನ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಪಿಯುಸಿ ಮುಗಿಯುವವರೆಗೆ ಈ ವಿಚಾರವನ್ನು ಬದಿಗಿಡಿ. ಎರಡು, ಹಂಚಿಕೆ ನಡೆಯುತ್ತಿರುವಾಗಲೇ ಪ್ರಕ್ರಿಯೆಯಿಂದ ಹೊರಬರಬೇಡಿ. ಕೌನ್ಸೆಲಿಂಗ್, ಅಂದರೆ ರ‍್ಯಾಂಕ್ ಪ್ರಕಾರ ಸುತ್ತು ಸುತ್ತಾಗಿ ಸೀಟು ಕೊಡುವ ವ್ಯವಸ್ಥೆ, ತಿಂಗಳುಗಟ್ಟಲೆ ನಡೆಯುತ್ತದೆ. 2025ರ ಪ್ರವೇಶದ ಫಲಿತಾಂಶವನ್ನೇ ತೆಗೆದುಕೊಳ್ಳಿ. ಕೆಲವು ಪ್ರಶ್ನೆಗಳ ಉತ್ತರ ತಪ್ಪೆಂಬ ತಕರಾರು ದೆಹಲಿ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟಿಗೆ ಹೋಯಿತು. ಡಿಸೆಂಬರ್‌ನ ಪರೀಕ್ಷೆಯ ವ್ಯಾಜ್ಯ ಮೇ ತಿಂಗಳವರೆಗೂ ಎಳೆಯಿತು. ನಡುವೆ ಕೈಬಿಟ್ಟು ಹೋದವರಿಗೆ ಪರಿಷ್ಕೃತ ಪಟ್ಟಿಯಿಂದ ಲಾಭವಾಗುವ ಸಾಧ್ಯತೆಯೇ ಇರುವುದಿಲ್ಲ.

ಹಂತ 2: ಅಂಕ ಎಲ್ಲಿ ಹೋಯಿತೆಂದು ಪ್ರಶ್ನೆ ಪ್ರಶ್ನೆಯಾಗಿ ಗುರುತಿಸಿ

ಇಡೀ ನಿರ್ಧಾರದ ಬುನಾದಿ ಈ ಹಂತವೇ. ಇದಕ್ಕೆ ಒಂದು ಇಡೀ ದಿನ ಕೊಡಿ. “ಪೇಪರ್ ಕಷ್ಟವಿತ್ತು”, “ಟೈಮ್ ಸಾಲಲಿಲ್ಲ” ಎಂಬ ಮಾತುಗಳಿಂದ ಏನನ್ನೂ ತೀರ್ಮಾನಿಸಲಾಗದು. ಪತ್ರಿಕೆ ಎಲ್ಲರಿಗೂ ಒಂದೇ ಆಗಿತ್ತು.

ಒಂದು ಹಾಳೆಯಲ್ಲಿ ಐದು ಕಾಲಂ ಹಾಕಿ. ಅರ್ಥವಾಗಿ ಸರಿ ಮಾಡಿದವು, ಊಹೆಯಿಂದ ಸರಿಯಾದವು, ವಿಷಯ ಗೊತ್ತಿಲ್ಲದೆ ತಪ್ಪಿದವು, ಗೊತ್ತಿದ್ದೂ ಅಥವಾ ಗದ್ಯಭಾಗದಲ್ಲಿ ಉತ್ತರ ಇದ್ದೂ ತಪ್ಪಿದವು, ಸಮಯವಿಲ್ಲದೆ ಮುಟ್ಟದೇ ಬಿಟ್ಟವು. 120 ಪ್ರಶ್ನೆಗಳನ್ನೂ ಈ ಐದರಲ್ಲಿ ಒಂದಕ್ಕೆ ಸೇರಿಸಿ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ನೋಡೋಣ. ಒಬ್ಬ ವಿದ್ಯಾರ್ಥಿನಿ 96 ಪ್ರಶ್ನೆಗಳಿಗೆ ಉತ್ತರಿಸಿ 66 ಸರಿ, 30 ತಪ್ಪು ಮಾಡಿದ್ದಾಳೆ ಎಂದುಕೊಳ್ಳಿ. 66ರಿಂದ ಏಳೂವರೆ ಕಳೆದರೆ 58.5 ಅಂಕ. ಉಳಿದ 24 ಪ್ರಶ್ನೆಗಳಲ್ಲಿ 14 ಕೊನೆಯ ಗದ್ಯಭಾಗಗಳವು, ಅವಳು ಅಲ್ಲಿಗೆ ತಲುಪಲೇ ಇಲ್ಲ. ಆ 14ಕ್ಕೂ ಅವಳು ತಲುಪಿದ್ದು, ಉಳಿದ ಕಡೆ ತೋರಿದಷ್ಟೇ ನಿಖರತೆಯಲ್ಲಿ ಉತ್ತರಿಸಿದ್ದರೆ ಸುಮಾರು 10 ಸರಿ, 4 ತಪ್ಪು. ಅಂದರೆ 9 ಅಂಕ ಹೆಚ್ಚಾಗಿ 67.5 ಆಗುತ್ತಿತ್ತು. ಹೊಸದೇನನ್ನೂ ಕಲಿಯದೆ, ಓದುವ ವೇಗವೊಂದರಿಂದಲೇ ಬರಬಹುದಾಗಿದ್ದ ಅಂಕ ಇದು. ರ‍್ಯಾಂಕ್ ಪಟ್ಟಿಯಲ್ಲಿ ಅರ್ಧ ಅಂಕಕ್ಕೂ ಬಹಳ ಜನ ಸಾಲುಗಟ್ಟಿರುವುದರಿಂದ ಒಂಬತ್ತು ಅಂಕ ಎಂದರೆ ದೊಡ್ಡ ಜಿಗಿತ.

ಈಗ ನಿಮ್ಮ ಹಾಳೆಯನ್ನು ಹೀಗೆ ಓದಿ.

ಮುಟ್ಟದೇ ಬಿಟ್ಟವು ಹೆಚ್ಚಿದ್ದರೆ ಕೊರತೆ ಇರುವುದು ಇಂಗ್ಲಿಷ್ ಓದುವ ವೇಗದಲ್ಲಿ. ಕ್ಲಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಇಂಗ್ಲಿಷ್, ಕಾನೂನು, ತರ್ಕ, ಪ್ರಚಲಿತ ವಿದ್ಯಮಾನ ಎಲ್ಲಕ್ಕೂ ಸುಮಾರು 450 ಪದಗಳ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿವರೆಗೆ ಓದಿ ಬಂದವರಿಗೆ ಬುದ್ಧಿಯಲ್ಲಿ ಏನೂ ಕಡಿಮೆ ಇಲ್ಲದಿದ್ದರೂ ಇಲ್ಲಿ ಹಿನ್ನಡೆಯಾಗುತ್ತದೆ. ಎಂಟು ತಿಂಗಳು ದಿನವೂ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಪುಟವನ್ನು ಗಡಿಯಾರ ಇಟ್ಟುಕೊಂಡು ಓದಿದರೆ ನಿಜವಾಗಿ ಬದಲಾಗುವುದೂ ಇದೇ. ಮತ್ತೆ ಬರೆಯಲು ಅತ್ಯಂತ ಗಟ್ಟಿಯಾದ ಕಾರಣ ಯಾವುದೆಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ.

ಗದ್ಯಭಾಗದಲ್ಲಿ ಉತ್ತರ ಇದ್ದೂ ತಪ್ಪಿದವು ಹೆಚ್ಚಿದ್ದರೆ ಅದರಲ್ಲೂ ಕಾನೂನು ವಿಭಾಗವನ್ನು ಬಿಡಿಸಿ ನೋಡಿ. ಅಲ್ಲಿ ಗದ್ಯಭಾಗ ಒಂದು ನಿಯಮವನ್ನು ಹೇಳಿ, ನಂತರ ಒಂದು ಘಟನೆಯನ್ನು ಕೊಟ್ಟು, ಆ ನಿಯಮವನ್ನು ಹಚ್ಚಿದರೆ ಏನಾಗುತ್ತದೆ ಎಂದು ಕೇಳುತ್ತದೆ. “ಮಾಲೀಕನ ಕೆಲಸದಲ್ಲಿರುವಾಗ ನೌಕರ ಮಾಡಿದ ಹಾನಿಗೆ ಮಾಲೀಕ ಹೊಣೆ” ಎಂಬುದು ಕೊಟ್ಟ ನಿಯಮ ಎಂದುಕೊಳ್ಳಿ. ಮಾಲೀಕ ಒಳ್ಳೆಯವನೇ, ಚಾಲಕನಿಗೆ ಎಚ್ಚರಿಕೆ ಕೊಟ್ಟಿದ್ದನೇ ಎಂಬುದು ಆ ನಿಯಮದಲ್ಲಿ ಇಲ್ಲದಿದ್ದರೆ ಉತ್ತರದಲ್ಲೂ ಅದಕ್ಕೆ ಜಾಗವಿಲ್ಲ. ಆದರೆ ಪರೀಕ್ಷೆಯ ಒತ್ತಡದಲ್ಲಿ ನಾವು ನ್ಯಾಯ ಯಾವುದೆಂದು ಹುಡುಕತೊಡಗುತ್ತೇವೆ, ಟಿವಿಯಲ್ಲಿ ಕೇಳಿದ ಸೆಕ್ಷನ್‌ಗಳನ್ನು ನೆನಪಿಸಿಕೊಳ್ಳುತ್ತೇವೆ. ಇದು ಅಭ್ಯಾಸದ ದೋಷವಾದ್ದರಿಂದ ಎರಡು ಮೂರು ತಿಂಗಳಲ್ಲಿ ತಿದ್ದಿಕೊಳ್ಳಬಹುದು. ಆ ಎರಡು ಮೂರು ತಿಂಗಳನ್ನು ಈ ಬಾರಿ ಏಕೆ ಕೊಡಲಿಲ್ಲ ಎಂಬುದಕ್ಕೆ ಮಾತ್ರ ಪ್ರಾಮಾಣಿಕ ಉತ್ತರ ನಿಮ್ಮಲ್ಲಿರಬೇಕು.

ವಿಷಯ ಗೊತ್ತಿಲ್ಲದೆ ತಪ್ಪಿದವು ಹೆಚ್ಚಿದ್ದು ಅವು ಪ್ರಚಲಿತ ವಿದ್ಯಮಾನದಲ್ಲೇ ಇದ್ದರೆ ಎಚ್ಚರ. ಈ ವಿಭಾಗಕ್ಕೆ ಪತ್ರಿಕೆಯ ಸುಮಾರು ಕಾಲು ಭಾಗ, 28ರಿಂದ 32 ಪ್ರಶ್ನೆಗಳು ಮೀಸಲು. “ಹೇಗೂ ಒಂದು ಸಲ ಓದಿದ್ದೇನೆ, ಮುಂದಿನ ಬಾರಿ ಸುಲಭವಾಗುತ್ತದೆ” ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ, ಏಕೆಂದರೆ ಹೋದ ವರ್ಷದ ಟಿಪ್ಪಣಿಗಳಲ್ಲಿ ಬಹುಪಾಲು ಮುಂದಿನ ಡಿಸೆಂಬರ್‌ಗೆ ಹಳತಾಗಿರುತ್ತವೆ. ಗಣಿತದ ಭಾಗದ್ದು ಬೇರೆ ಮಾತು. 10ರಿಂದ 14 ಪ್ರಶ್ನೆಗಳು ಬರುವ ಆ ಭಾಗದಲ್ಲಿ ಶೇಕಡಾವಾರು, ಅನುಪಾತ, ಸರಾಸರಿಯಂಥ ಹತ್ತನೆಯ ತರಗತಿ ಮಟ್ಟದ ಲೆಕ್ಕಗಳೇ ಇರುತ್ತವೆ. ಕಲಾ ವಿಭಾಗದಿಂದ ಬಂದವರು ಇದನ್ನು ಸಾರಾಸಗಟಾಗಿ ಬಿಟ್ಟಿದ್ದರೆ ಅಲ್ಲಿಂದ ಅಂಕ ಎತ್ತುವುದು ಸುಲಭ.

ಊಹೆಯಿಂದ ಸರಿಯಾದವುಗಳನ್ನೂ ಮರೆಯಬೇಡಿ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಗುರುತಿಸುತ್ತ ಹೋದರೆ ಸರಾಸರಿ ಲಾಭ ಬಹುತೇಕ ಸೊನ್ನೆ. ನಾಲ್ಕರಲ್ಲಿ ಒಂದು ಸರಿಯಾಗಿ ಬರುವ ಒಂದು ಅಂಕದಲ್ಲಿ ಮುಕ್ಕಾಲು ಅಂಕವನ್ನು ಉಳಿದ ಮೂರು ತಪ್ಪುಗಳು ತಿಂದುಹಾಕುತ್ತವೆ. ಈ ಬಾರಿ ಊಹೆ ಅದೃಷ್ಟವಶಾತ್ ಕೈಹಿಡಿದಿದ್ದರೆ ನಿಮ್ಮ ನಿಜವಾದ ಮಟ್ಟ ಬಂದ ಅಂಕಕ್ಕಿಂತ ಕೆಳಗಿದೆ ಎಂದೇ ಲೆಕ್ಕ ಹಾಕಬೇಕು.

ಪರೀಕ್ಷೆಯ ದಿನ ಜ್ವರ ಬಂದಿತ್ತು, ಉತ್ತರ ಹಾಳೆಯಲ್ಲಿ ಸಾಲು ತಪ್ಪಿ ಗುರುತು ಹಾಕಿದೆ ಎಂಬಂಥ ಆಕಸ್ಮಿಕಗಳೂ ಇರುತ್ತವೆ. ಅದನ್ನು ಒಪ್ಪಲು ಒಂದು ಅಳತೆ ಇದೆ: ಪರೀಕ್ಷೆಗೆ ಮೊದಲಿನ ಕೊನೆಯ ಹತ್ತು ಮಾಕ್ ಟೆಸ್ಟ್‌ಗಳ, ಅಂದರೆ ಅಭ್ಯಾಸ ಪರೀಕ್ಷೆಗಳ, ಸರಾಸರಿ. ನಿಜವಾದ ಅಂಕ ಆ ಸರಾಸರಿಗಿಂತ ಬಹಳ ಕೆಳಗಿದ್ದರೆ ಆಕಸ್ಮಿಕ ಎನ್ನಬಹುದು. ಹತ್ತರಲ್ಲಿ ಒಮ್ಮೆ ಬಂದ ಅತ್ಯುತ್ತಮ ಅಂಕವನ್ನು ನಿಮ್ಮ ಮಟ್ಟವೆಂದು ಹಿಡಿಯುವುದು ತಪ್ಪು.

ಹಂತ 3: ಯಾವ ಕಾಲೇಜಿಗಾಗಿ ಎಂದು ಹೆಸರು ಬರೆಯಿರಿ

“ಒಳ್ಳೆಯ ಎನ್‌ಎಲ್‌ಯು” ಎಂಬುದು ಗುರಿಯಾಗಲಾರದು. ಸೇರಬಯಸುವ ಮೂರು ನಾಲ್ಕು ವಿಶ್ವವಿದ್ಯಾಲಯಗಳ ಹೆಸರು ಬರೆದು, ನಿಮ್ಮ ವರ್ಗದಲ್ಲಿ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕ ಕಟ್ಟಕಡೆಯ ರ‍್ಯಾಂಕ್ ಎಷ್ಟೆಂದು ಎರಡು ವರ್ಷಗಳ ಹಂಚಿಕೆ ಪಟ್ಟಿಯಲ್ಲಿ ನೋಡಿ ಅದರ ಮುಂದೆ ಬರೆಯಿರಿ. ಮೊದಲ ಸುತ್ತಿನ ಪಟ್ಟಿಯನ್ನಷ್ಟೇ ನೋಡಿ ಎದೆಗುಂದುವವರು ಬಹಳ. ಮುಂದಿನ ಸುತ್ತುಗಳಲ್ಲಿ ಪಟ್ಟಿಯಲ್ಲಿ ಗಮನಾರ್ಹವಾಗಿ ಹಿಂದಿರುವವರಿಗೂ ಸೀಟು ಸಿಗುತ್ತದೆ.

ಇಲ್ಲಿ ಕರ್ನಾಟಕದವರು ಖಚಿತವಾಗಿ ತಿಳಿದಿರಬೇಕಾದ ವಿಷಯಗಳಿವೆ. ಕ್ಲಾಟ್ ಮೂಲಕ ಸೀಟು ಕೊಡುವ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ನಮ್ಮ ರಾಜ್ಯದಲ್ಲಿ ಇರುವುದು ಒಂದೇ, ಬೆಂಗಳೂರಿನ ನಾಗರಭಾವಿಯ ಎನ್‌ಎಲ್‌ಎಸ್‌ಐಯು. ಹುಬ್ಬಳ್ಳಿಯ ನವನಗರದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬೇರೆಯೇ ಸಂಸ್ಥೆ. ಅದು ಕ್ಲಾಟ್ ಒಕ್ಕೂಟದಲ್ಲಿಲ್ಲ. ಹೆಸರಿನ ಹೋಲಿಕೆಯಿಂದ ಹೆತ್ತವರು ಎರಡನ್ನೂ ಒಂದೆಂದು ತಿಳಿಯುವುದುಂಟು.

ಎನ್‌ಎಲ್‌ಎಸ್‌ಐಯುನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25ರಷ್ಟು ಸಮತಲ ಮೀಸಲಾತಿ ಇದೆ. ಸಮತಲ ಎಂದರೆ ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಎಂಬ ಪ್ರತಿಯೊಂದು ವರ್ಗದ ಒಳಗೂ ಇದು ಅಡ್ಡಲಾಗಿ ಅನ್ವಯಿಸುತ್ತದೆ ಎಂದರ್ಥ. ರಾಜ್ಯದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಇದು ಸಿಗುತ್ತದೆ. ನೆರೆ ರಾಜ್ಯಗಳಲ್ಲಿ ಓದಿ ಬಂದ ಕನ್ನಡಿಗ ಮಕ್ಕಳಿಗೆ ಮನೆಮಾತು ಕನ್ನಡವೆಂಬ ಕಾರಣಕ್ಕೆ ಇದು ದೊರೆಯದು. ಬೇರೆ ರಾಜ್ಯಗಳ ಹಲವು ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದವರಿಗೆ ಸೀಟು ಕಾದಿರಿಸುವುದರಿಂದ ಅಲ್ಲಿ ನಮ್ಮವರು ಅಖಿಲ ಭಾರತ ಪಾಲಿನಲ್ಲೇ ಸ್ಪರ್ಧಿಸಬೇಕು. ಹಾಗಾಗಿ ರ‍್ಯಾಂಕ್ ನೋಡುವಾಗ ನಿಮಗೆ ಅನ್ವಯಿಸುವ ಸಾಲನ್ನೇ ನೋಡಿ. ಹತ್ತು ವರ್ಷದ ಅರ್ಹತೆ ಇದ್ದೂ ಅರ್ಜಿಯಲ್ಲಿ ಅದನ್ನು ನಮೂದಿಸದೆ ಬಿಟ್ಟಿದ್ದರೆ ಅದೊಂದೇ ಮತ್ತೆ ಬರೆಯುವುದಕ್ಕೆ ಯೋಗ್ಯವಾದ ಕಾರಣವಾಗಬಹುದು.

ಗುರಿಯ ರ‍್ಯಾಂಕಿಗೂ ನಿಮ್ಮ ರ‍್ಯಾಂಕಿಗೂ ನಡುವಿನ ಅಂತರವನ್ನು ಎರಡನೇ ಹಂತದಲ್ಲಿ ಕಂಡ “ತಿದ್ದಬಹುದಾದ ಅಂಕ” ತುಂಬುತ್ತದೆಯೇ ಎಂದು ಈಗ ಕೇಳಿಕೊಳ್ಳಿ. ಕಷ್ಟಪಟ್ಟು ಮತ್ತೆ ಬರೆದು ಈಗ ಸಿಗುವ ಕಾಲೇಜಿಗಿಂತ ಒಂದೆರಡು ಮೆಟ್ಟಿಲು ಮೇಲಿನದ್ದು ಮಾತ್ರ ಸಿಗುವಂತಿದ್ದರೆ ವರ್ಷ ಬಿಡಬೇಡಿ. ಎರಡು ಮಧ್ಯಮ ಕಾಲೇಜುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳ ನಡುವಿನ ವ್ಯತ್ಯಾಸ ದೊಡ್ಡದು.

ಹಂತ 4: ಕೈಯಲ್ಲಿರುವ ಬೇರೆ ದಾರಿಗಳನ್ನು ಎಣಿಸಿ

ಕ್ಲಾಟ್ ಇಲ್ಲದೆಯೂ ವಕೀಲರಾಗಬಹುದು ಎಂಬುದನ್ನು ಕೋಚಿಂಗ್ ಕೇಂದ್ರಗಳು ಒತ್ತಿ ಹೇಳುವುದಿಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಬಹುಪಾಲು ಕಾಲೇಜುಗಳು ಪಿಯುಸಿ ಅಂಕದ ಮೇಲೆ ಪ್ರವೇಶ ಕೊಡುತ್ತವೆ. ಭಾರತೀಯ ವಕೀಲರ ಪರಿಷತ್ತಿನ ಮಾನ್ಯತೆ ಇರುವ ಯಾವುದೇ ಕಾಲೇಜಿನ ಪದವಿ, ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮತ್ತು ಅಖಿಲ ಭಾರತ ವಕೀಲರ ಪರೀಕ್ಷೆಯ ತೇರ್ಗಡೆ, ಇಷ್ಟಿದ್ದರೆ ವಕಾಲತ್ತು ವಹಿಸುವ ಹಕ್ಕು ಎಲ್ಲರಿಗೂ ಒಂದೇ. ನಿಮ್ಮೂರಿನ ತಾಲ್ಲೂಕು ನ್ಯಾಯಾಲಯದಲ್ಲೋ ಧಾರವಾಡ, ಕಲಬುರಗಿ ಪೀಠದಲ್ಲೋ ವಕೀಲಿಕೆ ಮಾಡುವುದು ನಿಮ್ಮ ಉದ್ದೇಶವಾಗಿದ್ದರೆ ಒಳ್ಳೆಯ ಹಿರಿಯ ವಕೀಲರ ಕಚೇರಿ ಮತ್ತು ಕನ್ನಡದಲ್ಲಿ ಚೊಕ್ಕವಾಗಿ ದಾವೆ ಬರೆಯುವ ಸಾಮರ್ಥ್ಯ ನಿಮಗೆ ರ‍್ಯಾಂಕಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ದೊಡ್ಡ ಕಾರ್ಪೊರೇಟ್ ಕಾನೂನು ಸಂಸ್ಥೆಗಳ ಕೆಲಸ ಬೇಕೆನ್ನುವವರಿಗೆ ಮಾತ್ರ ಮೇಲಿನ ಸಾಲಿನ ಎನ್‌ಎಲ್‌ಯುಗಳ ಕ್ಯಾಂಪಸ್ ನೇಮಕಾತಿ ದೊಡ್ಡ ಅನುಕೂಲ. ಅಂಥವರು ಮತ್ತೆ ಬರೆಯುವುದರಲ್ಲಿ ಅರ್ಥವಿದೆ.

ಸಿವಿಲ್ ನ್ಯಾಯಾಧೀಶರಾಗಬೇಕು ಎನ್ನುವವರು ಇನ್ನೊಂದನ್ನು ಗಮನಿಸಿ. 2025ರ ಮೇ 20ರ ಸುಪ್ರೀಂ ಕೋರ್ಟ್ ತೀರ್ಪು ಆ ಹುದ್ದೆಯ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಅನುಭವವನ್ನು ಕಡ್ಡಾಯ ಮಾಡಿತು. ಐದು ವರ್ಷದ ಓದಿನ ಮೇಲೆ ಮೂರು ವರ್ಷ ಸೇರಿದಾಗ, ಈಗ ಬಿಡುವ ಒಂದು ವರ್ಷವನ್ನೂ ಆ ಮೊತ್ತದಲ್ಲೇ ಕೂಡಿಸಿ ನೋಡಬೇಕು.

“ಸದ್ಯಕ್ಕೆ ಇಲ್ಲಿ ಸೇರಿ, ಮುಂದಿನ ವರ್ಷ ಎನ್‌ಎಲ್‌ಯುನ ಎರಡನೇ ವರ್ಷಕ್ಕೆ ಹೋಗಬಹುದೇ?” ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ವಕೀಲರ ಪರಿಷತ್ತಿನ 2008ರ ನಿಯಮಗಳು ನಡುವಿನಲ್ಲಿ ಸೇರುವುದನ್ನು, ಅಂದರೆ ಲ್ಯಾಟರಲ್ ಎಂಟ್ರಿಯನ್ನು, ನಿಷೇಧಿಸಿವೆ. ಮತ್ತೆ ಬರೆದು ಸೀಟು ಸಿಕ್ಕರೆ ಮೊದಲ ವರ್ಷದಿಂದಲೇ ಆರಂಭಿಸಬೇಕು. ಕಾಲೇಜಿಗೆ ಸೇರಿಕೊಂಡೇ ಕ್ಲಾಟ್‌ಗೆ ಓದುವ ದಾರಿ ಇದೆ, ಮಾನಸಿಕವಾಗಿ ಅದು ಸುರಕ್ಷಿತವೂ ಹೌದು. ಆದರೆ ಶೇ 70ರಷ್ಟು ಹಾಜರಿ ಕಡ್ಡಾಯ, ಸೆಮಿಸ್ಟರ್ ಪರೀಕ್ಷೆಗಳೂ ಕ್ಲಾಟ್‌ಗೆ ಹತ್ತಿರದಲ್ಲೇ ಬರಬಹುದು. ಓದುವ ವೇಗ ಒಂದನ್ನೇ ಸುಧಾರಿಸಬೇಕಾದವರಿಗೆ ಈ ದಾರಿ ಸಾಕಾಗುತ್ತದೆ. ಬುಡದಿಂದ ತಯಾರಾಗಬೇಕಾದವರಿಗೆ ಎರಡೂ ಕೈತಪ್ಪುವ ಅಪಾಯವಿದೆ.

ಎನ್‌ಎಲ್‌ಯು ಬಾಗಿಲು ಮುಂದೆಯೂ ತೆರೆಯುತ್ತದೆ. ಎಲ್‌ಎಲ್‌ಬಿ ಮುಗಿಸಿದ ಮೇಲೆ ಕ್ಲಾಟ್‌ನ ಸ್ನಾತಕೋತ್ತರ ಪರೀಕ್ಷೆ ಬರೆದು ಎಲ್‌ಎಲ್‌ಎಂಗೆ ಸೇರಬಹುದು. ಬೇರೆ ಪದವಿ ಪಡೆದು ಎನ್‌ಎಲ್‌ಎಸ್‌ಐಯುನ ಮೂರು ವರ್ಷದ ಎಲ್‌ಎಲ್‌ಬಿಗೆ ಅದರದೇ ಪ್ರವೇಶ ಪರೀಕ್ಷೆ ಎನ್‌ಎಲ್‌ಎಸ್‌ಎಟಿ ಬರೆಯಬಹುದು. ಇನ್ನು ಪಿಯುಸಿ ಅಂಕದ ಮೇಲೆ ಸೀಟು ಕೊಡುವ ಕಾಲೇಜೇ ಸಾಕು, ಅಂಕ ಮಾತ್ರ ಸ್ವಲ್ಪ ಕಡಿಮೆ ಎನ್ನುವವರಿಗೆ ಪಿಯುಸಿ ಪರೀಕ್ಷೆ-2ರಲ್ಲಿ ಅಂಕ ಹೆಚ್ಚಿಸಿಕೊಳ್ಳುವ ಅವಕಾಶ ಅದೇ ಬೇಸಿಗೆಯಲ್ಲಿ ಸಿಗುತ್ತದೆ.

ಹಂತ 5: ಮನೆಯವರೊಂದಿಗೆ ಹಣದ ಮಾತು ಆಡಿ

ಅರ್ಜಿ ಶುಲ್ಕವೇ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500 ರೂಪಾಯಿ ಇದೆ. ಕೌನ್ಸೆಲಿಂಗ್‌ಗೆ ಬೇರೆ ಠೇವಣಿ. ಹಲವು ಎನ್‌ಎಲ್‌ಯುಗಳಲ್ಲಿ ಹಾಸ್ಟೆಲ್ ಸೇರಿ ವರ್ಷಕ್ಕೆ ಎರಡು ಲಕ್ಷ ರೂಪಾಯಿಗೂ ಮೀರಿ ಖರ್ಚಾಗುತ್ತದೆ. ಸೀಟು ಸಿಕ್ಕ ಮೇಲೆ ಆ ಹಣ ಹೊಂದಿಸಲು ಆಗದೆ ಕೈಬಿಡುವುದಾದರೆ ಬಿಟ್ಟ ವರ್ಷವೂ ವ್ಯರ್ಥ. ಶೈಕ್ಷಣಿಕ ಸಾಲ, ವಿದ್ಯಾರ್ಥಿವೇತನ ಯಾವುದು ಸಿಗುತ್ತದೆ ಎಂದು ವರ್ಷ ಬಿಡುವ ಮೊದಲೇ ವಿಚಾರಿಸಿ.

ಹಂತ 6: ಆರು ವಾರ ಓದಿ ನೋಡಿ, ಆಮೇಲೆ ನಿರ್ಧರಿಸಿ

ಪಿಯುಸಿ ಪರೀಕ್ಷೆ ಮುಗಿದ ಮೇಲೆ, ಕಾಲೇಜುಗಳ ಪ್ರವೇಶ ಇನ್ನೂ ತೆರೆದಿರುವಾಗ, ಆರು ವಾರ ಪ್ರಾಮಾಣಿಕವಾಗಿ ಓದಿ. ವಾರಕ್ಕೊಂದು ಪೂರ್ಣ ಮಾಕ್ ಟೆಸ್ಟ್ ಬರೆಯಿರಿ. ಈಗಾಗಲೇ ಬಿಡಿಸಿದ ಪತ್ರಿಕೆ ಬೇಡ, ಉತ್ತರ ನೆನಪಿದ್ದು ಅಂಕ ಸುಳ್ಳು ಹೇಳುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಪರೀಕ್ಷೆ ನಡೆಯುವ ಹೊತ್ತಿನಲ್ಲೇ, ಕಾಗದದ ಮೇಲೆ ಬರೆಯಿರಿ. ಆರನೇ ವಾರದ ಹೊತ್ತಿಗೆ ಎರಡನೇ ಹಂತದ ಐದು ಕಾಲಂಗಳಲ್ಲಿ ನೀವು ತಿದ್ದಬೇಕೆಂದಿದ್ದ ಒಂದಾದರೂ ಕಾಲಂ ಸ್ಪಷ್ಟವಾಗಿ ಚಿಕ್ಕದಾಗಿದೆಯೇ ನೋಡಿ. ಆಗಿದ್ದರೆ ವರ್ಷ ಬಿಡಲು ಆಧಾರವಿದೆ. ಅಂಕ ಅಲುಗಾಡದಿದ್ದರೆ, ಅಥವಾ ಆರು ವಾರ ನಿಯಮಿತವಾಗಿ ಕೂರುವುದೇ ಆಗದಿದ್ದರೆ, ತೆರೆದಿರುವ ಪ್ರವೇಶವನ್ನು ತೆಗೆದುಕೊಳ್ಳಿ. ಈ ಪ್ರಯೋಗದಿಂದ ಯಾವ ಸೀಟನ್ನೂ ಕಳೆದುಕೊಳ್ಳುವುದಿಲ್ಲವಾದ್ದರಿಂದ ಹೆತ್ತವರೂ ಇದಕ್ಕೆ ಸುಲಭವಾಗಿ ಒಪ್ಪುತ್ತಾರೆ.

ಈಗಾಗಲೇ ಒಮ್ಮೆ ವರ್ಷ ಬಿಟ್ಟು ಬರೆದವರು ಎರಡನೇ ವರ್ಷವನ್ನೂ ಬಿಡುವುದನ್ನು ನಾನು ಒಪ್ಪುವುದಿಲ್ಲ. ಎಂಟು ತಿಂಗಳ ಪೂರ್ಣ ತಯಾರಿಯ ನಂತರವೂ ಅಂತರ ಉಳಿದಿದ್ದರೆ ಅದನ್ನು ಇನ್ನೊಂದು ವರ್ಷ ತುಂಬುವ ಸಂಭವ ಕಡಿಮೆ, ಕಾದು ಕೂತ ದಣಿವು ಮಾತ್ರ ಓದಿನ ಮೇಲೂ ಬೀಳುತ್ತದೆ.

ಹಂತ 7: ಮತ್ತೆ ಬರೆಯುವುದೆಂದು ನಿರ್ಧರಿಸಿದವರಿಗೆ

ಒಂದೇ ಪರೀಕ್ಷೆಯ ಮೇಲೆ ವರ್ಷವನ್ನು ಕಟ್ಟಬೇಡಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕ್ಲಾಟ್ ಒಕ್ಕೂಟದ ಹೊರಗಿದ್ದು, ಎಐಎಲ್‌ಇಟಿ ಎಂಬ ತನ್ನದೇ ಪರೀಕ್ಷೆಯನ್ನು ಡಿಸೆಂಬರ್‌ನಲ್ಲೇ ನಡೆಸುತ್ತದೆ. ಅಲ್ಲಿ 120 ನಿಮಿಷಕ್ಕೆ 150 ಪ್ರಶ್ನೆಗಳು, ತರ್ಕಕ್ಕೆ ಹೆಚ್ಚು ಒತ್ತು. ತಯಾರಿ ಬಹುಪಾಲು ಒಂದೇ ಆದ್ದರಿಂದ ಅದಕ್ಕೂ ಅರ್ಜಿ ಹಾಕಿ.

ಕ್ಲಾಟ್ ಅರ್ಜಿ ಸಾಮಾನ್ಯವಾಗಿ ಜುಲೈ-ಆಗಸ್ಟ್‌ನಲ್ಲಿ ತೆರೆಯುತ್ತದೆ. ಕಳೆದ ಬಾರಿಯ ಅರ್ಜಿ, ಲಾಗಿನ್ ಈ ವರ್ಷಕ್ಕೆ ನಡೆಯುವುದಿಲ್ಲ, ಹೊಸದಾಗಿಯೇ ನೋಂದಾಯಿಸಿ. ಹೆಸರು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇರುವಂತೆಯೇ ಇರಲಿ. ಇನಿಷಿಯಲ್ ಹಿಂದೆಮುಂದೆ ಆದರೂ ದಾಖಲೆ ಪರಿಶೀಲನೆಯಲ್ಲಿ ಪ್ರಶ್ನೆ ಏಳುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆರ್ಥಿಕವಾಗಿ ದುರ್ಬಲ ವರ್ಗದವರ ಪ್ರಮಾಣಪತ್ರದ ಅವಧಿ ಮುಗಿದಿದೆಯೇ ಎಂದು ಜೂನ್‌ನಲ್ಲೇ ನೋಡಿ ನಾಡಕಚೇರಿಗೆ ಅರ್ಜಿ ಕೊಡಿ. ಹತ್ತು ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಓದಿದ ಎಲ್ಲ ಶಾಲೆಗಳಿಂದಲೂ ಸಹಿ ಬೇಕಾಗುವುದರಿಂದ, ಎರಡು ಮೂರು ಊರುಗಳಲ್ಲಿ ಓದಿದವರು ಶಾಲೆಗಳು ತೆರೆದಿರುವ ದಿನಗಳಲ್ಲೇ ಹೋಗಿ ಮಾಡಿಸಿಕೊಳ್ಳಿ. ಪಿಯು ಕಾಲೇಜಿನಿಂದ ವರ್ಗಾವಣೆ ಪತ್ರವನ್ನು ಪಡೆದು ಮನೆಯಲ್ಲಿಡಿ. ನಡುವೆ ಬೇರೆ ಕಾಲೇಜಿಗೆ ಸೇರಿದ್ದರೆ, ಮೂಲ ದಾಖಲೆ ಮತ್ತು ಶುಲ್ಕವನ್ನು ಯಾವ ದಿನಾಂಕದವರೆಗೆ ಹಿಂದಿರುಗಿಸುತ್ತಾರೆ ಎಂಬುದನ್ನು ಸೇರುವ ದಿನವೇ ಬರಹದಲ್ಲಿ ಪಡೆಯಿರಿ.